ಸ್ಪ್ರಿಂಗ್‌ಬಾಕ್ ತಲೆ ಮೌಂಟ್ ಮಾಡಿಸುವುದು: ಚರ್ಮ ಬಿಡಿಸುವಾಗ ಎಂತ ನೋಡಬೇಕು, ಯಾರಿಗೆ ಕೊಡಬೇಕು?

ಬ್ರಹ್ಮಾವರದವ:
ಎಲ್ಲರಿಗೂ ನಮಸ್ಕಾರ. ನನ್ನ ಊರು ಬ್ರಹ್ಮಾವರ, ಕೆಲಸ ಜೊಹಾನ್ಸ್‌ಬರ್ಗಿನಲ್ಲಿ. ಬರುವ ಜುಲೈಯಲ್ಲಿ ನಮ್ಮ ಆಫೀಸಿನ ಹಿರಿಯರೊಬ್ಬರು ಕರೂ (ದಕ್ಷಿಣ ಆಫ್ರಿಕಾದ ಒಣ ಬಯಲು ಸೀಮೆ) ಕಡೆಯ ಒಂದು ಗೇಮ್ ಫಾರ್ಮಿಗೆ, ಅಂದರೆ ಬೇಟೆಗೆ ಅಂತ ಕಾಡುಪ್ರಾಣಿ ಇಟ್ಟುಕೊಂಡ ಫಾರ್ಮಿಗೆ, ಕರೆದುಕೊಂಡು ಹೋಗ್ತಾರೆ. ಪರವಾನಗಿಯ ವ್ಯವಸ್ಥೆ ಫಾರ್ಮಿನವರದ್ದೇ. ಹೊಡೆಯುವುದು ಒಂದು ಗಂಡು ಸ್ಪ್ರಿಂಗ್‌ಬಾಕ್, ಅಲ್ಲಿಯ ಒಂದು ಜಾತಿಯ ಜಿಂಕೆಯಂಥ ಪ್ರಾಣಿ. ಮಾಂಸ ಅಲ್ಲಿಯೇ ಹಂಚಿಕೊಳ್ತಾರೆ, ತಲೆಯನ್ನು ಭುಜದವರೆಗೆ ಮೌಂಟ್ ಮಾಡಿಸಬೇಕು (ಚರ್ಮವನ್ನು ಅಚ್ಚಿನ ಮೇಲೆ ಕೂರಿಸಿ ಗೋಡೆಗೆ ಹಾಕುವ ಹಾಗೆ) ಅಂತ ನನಗೆ ಆಸೆ. ಚರ್ಮ ಬಿಡಿಸುವಾಗ ನಾನು ನಿಂತು ಎಂತ ನೋಡಿಕೊಳ್ಳಬೇಕು? ಈ ಕೆಲಸ ಮಾಡುವ ಮೂವರು ಟ್ಯಾಕ್ಸಿಡರ್ಮಿಸ್ಟ್‌ಗಳ ಹತ್ತಿರ ರೇಟ್ ಕೇಳಿದ್ದೇನೆ, ಒಬ್ಬರದ್ದು ಉಳಿದವರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅವರಿಗೇ ಕೊಟ್ಟುಬಿಡಬಹುದಾ? ಆಮೇಲೆ ಅದನ್ನು ಊರಿಗೆ ತಂದು ಮನೆಯ ಚಾವಡಿಯಲ್ಲಿ ಹಾಕುವುದು ಸಾಧ್ಯವಾ?

ಕದ್ರಿ ಗುಡ್ಡೆ:
ಕೊನೆಯ ಪ್ರಶ್ನೆಗೆ ಮಾತ್ರ ನಾನು ಹೇಳಬಲ್ಲೆ. ಚಾವಡಿಯ ಆಸೆ ಸದ್ಯಕ್ಕೆ ಬಿಡಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ ತಿದ್ದುಪಡಿಗಳು ಬಂದ ಮೇಲೆ ಬೇಟೆಯೂ ಇಲ್ಲ, ಬೇಟೆಯ ತಲೆಯ ವ್ಯಾಪಾರವೂ ಇಲ್ಲ. ಹೊರದೇಶದ ಪ್ರಾಣಿ ಆದರೂ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಇಲಾಖೆ) ಮತ್ತು ಕಸ್ಟಮ್ಸ್‌ನವರ ಲಿಖಿತ ಅನುಮತಿ ಕೈಗೆ ಬಾರದೆ ಪಾರ್ಸೆಲ್ ಹೊರಡಿಸಬೇಡಿ. ಸ್ಪ್ರಿಂಗ್‌ಬಾಕ್ ಸೈಟಿಸ್ (ಅಳಿವಿನ ಅಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿ ಇಲ್ಲ ಅಂತ ಅಲ್ಲಿಯ ಏಜೆಂಟ್ ಹೇಳಬಹುದು. ಆ ಮಾತು ಸರಿಯೇ, ಆದರೆ ಅಷ್ಟರಿಂದ ನಮ್ಮ ಆಮದು ನಿಯಮ ಸಡಿಲ ಆಗುವುದಿಲ್ಲ.

ಕಿನ್ನಿಗೋಳಿ:
ನಾನು ಪೋರ್ಟ್ ಎಲಿಜಬೆತ್ ಹತ್ತಿರದ ಒಂದು ಟ್ಯಾಕ್ಸಿಡರ್ಮಿ ವರ್ಕ್‌ಶಾಪಿನಲ್ಲಿ ಚರ್ಮದ ವಿಭಾಗದಲ್ಲಿ ದುಡಿದವನು, ಈಗ ಊರಿಗೆ ಬಂದು ಕೂತಿದ್ದೇನೆ. ಬೇಟೆಗಾರರು ತಂದುಕೊಟ್ಟ ಚರ್ಮ ಬಿಚ್ಚಿ ನೋಡುವುದೇ ನನ್ನ ಕೆಲಸ ಆಗಿತ್ತು. ಒಳ್ಳೆಯ ಕುಶಲಕರ್ಮಿಯ ಕೈಗೆ ಹಾಳಾದ ಚರ್ಮ ಬಂದರೆ ಅವನು ಎಂತ ಮಾಡಿಯಾನು? ಕೂದಲು ಉದುರಿದ ಜಾಗದಲ್ಲಿ ಮತ್ತೆ ಕೂದಲು ನೆಡಲಿಕ್ಕೆ ಆಗುವುದಿಲ್ಲ. ಮೌಂಟ್ ಚಂದ ಆಗುವುದೋ ಹಾಳಾಗುವುದೋ ಗುಂಡು ಹೊಡೆದ ಮೇಲಿನ ಮೊದಲ ಕೆಲವು ಗಂಟೆಗಳಲ್ಲಿ ತೀರ್ಮಾನ ಆಗ್ತದೆ ಮಾರಾಯ್ರೇ.

ಗುಂಡು ಭುಜದ ಹಿಂದೆ, ಕೆಳಗೆ ಬೀಳಬೇಕು. ಕೊರಳಿಗೆ, ತಲೆಗೆ ಬೇಡ. ಪ್ರಾಣಿ ಬಿದ್ದ ತಕ್ಷಣ ಫಾರ್ಮಿನ ಆಳುಗಳು ರಕ್ತ ಹೋಗಲಿ ಅಂತ ಗಂಟಲು ಕೊಯ್ಯಲಿಕ್ಕೆ ಬರ್ತಾರೆ. ಮೌಂಟಿಗೆ ಅಂತ ಮೊದಲೇ ಹೇಳಿಡಿ. ಗಂಟಲಿನ ಆ ಕೊಯ್ತ ಎದುರಿಗೇ ಕಾಣ್ತದೆ, ಹೊಲಿದರೂ ಮುಚ್ಚುವುದಿಲ್ಲ. ಎಳೆದುಕೊಂಡು ಹೋಗಲಿಕ್ಕೂ ಬಿಡಬೇಡಿ. ಕರೂವಿನ ಕಲ್ಲು, ಮುಳ್ಳಿನ ಮೇಲೆ ನಾಲ್ಕು ಮಾರು ಎಳೆದರೆ ಸಾಕು, ಒಂದು ಬದಿಯ ರೋಮ ಹೋಯ್ತು. ಟಾರ್ಪಾಲಿನಲ್ಲಿ ಎತ್ತಿಸಿ. ರಕ್ತ ತಾಗಿದ್ದರೆ ತಣ್ಣೀರಿನಲ್ಲಿ ಆಗಲೇ ಒರೆಸಿ.

ಚರ್ಮ ಬಿಡಿಸುವಾಗ ಭುಜದ ಹಿಂದೆ, ಪಕ್ಕೆಲುಬಿನ ನಡುವಿನಲ್ಲಿ ಸುತ್ತ ಒಂದು ಗೆರೆ. ಅಲ್ಲಿಂದ ಕೊರಳಿನ ಹಿಂಭಾಗದಲ್ಲಿಯೇ ಮೇಲಕ್ಕೆ, ಕೊಂಬುಗಳ ನಡುವಿನವರೆಗೆ ಹೋಗಿ, ಒಂದೊಂದು ಕೊಂಬಿನ ಬುಡಕ್ಕೆ ಕವಲು ಒಡೆಯಬೇಕು. ಎದೆಯ ಕಡೆ ಚೂರಿ ಹೋಗಲೇಬಾರದು. ಉದ್ದ ಧಾರಾಳ ಬಿಡಿ. ಹೆಚ್ಚಾದರೆ ಅವರು ಕತ್ತರಿಸ್ತಾರೆ, ಕಡಿಮೆ ಆದರೆ ಸೇರಿಸಲಿಕ್ಕೆ ಇಲ್ಲ. ನಮಗೆ ಬರ್ತಿದ್ದ ಚರ್ಮಗಳ ಮುಖ್ಯ ದೋಷವೇ ಗಿಡ್ಡ ಕೊಯ್ದದ್ದು. ಸ್ಪ್ರಿಂಗ್‌ಬಾಕಿನ ಚರ್ಮ ತೆಳು, ಅವಸರದ ಚೂರಿಗೆ ಪರ್ರನೆ ಹರಿಯುತ್ತದೆ. ಕಣ್ಣಿನ ಸುತ್ತ, ಕಣ್ಣಿನ ಮುಂದಿನ ಗ್ರಂಥಿಯ ಗುಂಡಿ, ತುಟಿ, ಮೂಗಿನ ಒಳಪದರ, ಇವಿಷ್ಟನ್ನು ಕೈ ಪಳಗಿದವರಿಗೇ ಬಿಡಿ. ಅಂಥವರು ಫಾರ್ಮಿನಲ್ಲಿ ಇಲ್ಲದಿದ್ದರೆ ತಲೆ ಚರ್ಮದೊಳಗೇ ಇರಲಿ. ಇಡೀ ತಲೆಯನ್ನು ತಣ್ಣಗಿನ ಕೋಣೆಯಲ್ಲಿಟ್ಟು ಅದೇ ದಿನ ವರ್ಕ್‌ಶಾಪಿಗೆ ಮುಟ್ಟಿಸಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಬೇಡಿ. ಒಳಗೆ ಬಿಸಿ ಹಿಡಿದು ಬ್ಯಾಕ್ಟೀರಿಯಾ ರೋಮದ ಬುಡವನ್ನು ಸಡಿಲ ಮಾಡ್ತದೆ, ಹದ ಮಾಡುವಾಗ ರೋಮ ಕೈಗೇ ಬರ್ತದೆ.

ಉಪ್ಪಿನ ವಿಷಯ ನಮ್ಮ ಕರಾವಳಿಯವರಿಗೆ ಬೇಗ ಅರ್ಥ ಆಗ್ತದೆ. ಮಲ್ಪೆಯಲ್ಲಿ ಮೀನು ಒಣಗಿಸುವವರು ಸೀಳಿ ತೆರೆಯದೆ ಉಪ್ಪು ಹಾಕ್ತಾರಾ? ಇಲ್ಲಿಯೂ ಹಾಗೆಯೇ. ಚರ್ಮಕ್ಕೆ ಅಂಟಿದ ಮಾಂಸ, ಕೊಬ್ಬು ಪೂರಾ ಕೆರೆಯಬೇಕು, ಕಿವಿಯ ಒಳಗಿನ ಮೃದ್ವಸ್ಥಿ ಬಿಡಿಸಿ ಮಗುಚಬೇಕು, ತುಟಿ ಸೀಳಬೇಕು. ಆಮೇಲೆ ಅಯೋಡಿನ್ ಇಲ್ಲದ ಪುಡಿ ಉಪ್ಪು, ಚರ್ಮದ ತೂಕದಷ್ಟೇ, ಅಂಚಿನವರೆಗೆ ತಿಕ್ಕಬೇಕು. ಕಲ್ಲುಪ್ಪು ಕಿವಿಯ ಮಡಿಕೆಗೆ ಇಳಿಯುವುದಿಲ್ಲ. ಓರೆಯಾಗಿ ಇಟ್ಟರೆ ನೀರು ಬಸಿಯುತ್ತದೆ, ಮರುದಿನ ಒದ್ದೆ ಉಪ್ಪು ಕೊಡವಿ ಹೊಸ ಉಪ್ಪು ಹಾಕಿ. ಬಿಸಿಲಿಗೆ ಇಡಬೇಡಿ.

ಅಳತೆ ಮರೆಯಬೇಡಿ. ಕಣ್ಣಿನ ಮೂಲೆಯಿಂದ ಮೂಗಿನ ತುದಿ, ಮತ್ತೆ ಚರ್ಮ ತೆಗೆದ ಮೇಲೆ ಬರೇ ಮಾಂಸದ ಕೊರಳಿನ ಸುತ್ತಳತೆ, ಕಿವಿಯ ಹಿಂದೆ ಒಂದು, ನಡುವೆ ಒಂದು. ಫೋಮಿನ ಅಚ್ಚು ಆರಿಸುವುದು ಇದರ ಮೇಲೆಯೇ. ಮುಖದ ಫೋಟೋ ಬಿದ್ದ ಕೂಡಲೇ ಎರಡು ಬದಿಯಿಂದ ತೆಗೆಯಿರಿ.

ಇನ್ನು ಯಾರಿಗೆ ಕೊಡುವುದು. ಕಡಿಮೆ ರೇಟಿನವರಿಗೆ ಕೊಡಬೇಡಿ ಅಂತ ನಾನು ಹೇಳುವುದಿಲ್ಲ, ಹೋಗಿ ನೋಡಿ ಅಂತ ಹೇಳ್ತೇನೆ. ಷೋರೂಮಿನ ದೀಪದಡಿಯಲ್ಲಿ ಅಲ್ಲ, ಕಿಟಕಿಯ ಬೆಳಕಿನಲ್ಲಿ. ನಾನಾದರೆ ಮೊದಲು ನೋಡುವುದು ಕಣ್ಣು. ಈ ಜಾತಿಯ ಪ್ರಾಣಿಗಳ ಪಾಪೆ ಅಡ್ಡಕ್ಕೆ ಉದ್ದ. ತಲೆ ಬಾಗಿದ್ದರೂ ಅದು ನೆಲಕ್ಕೆ ಸಮನಾಗಿಯೇ ಕೂರಬೇಕು. ಗಾಜಿನ ಕಣ್ಣನ್ನು ಹಾಗೆ ಕೂರಿಸದವನು ಜೀವಂತ ಪ್ರಾಣಿ ನೋಡಲೇ ಇಲ್ಲ. ರೆಪ್ಪೆ ಊದಿಕೊಂಡಿದೆಯಾ, ಮೂಗಿನ ಹೊಳ್ಳೆಗೆ ಆಳ ಉಂಟಾ, ಕಿವಿಯ ಅಂಚು ತೆಳ್ಳಗೆ ಉಂಟಾ ನೋಡಿ. ಕಣ್ಣಿನ ಮುಂದಿನ ಗುಂಡಿಯಲ್ಲಿ ಚರ್ಮ ಅಚ್ಚಿಗೆ ಅಂಟದೆ ಎದ್ದು ನಿಂತಿದ್ದರೆ ಅಂಟು ಸರಿಯಾಗಿ ಹಾಕಿಲ್ಲ ಅಂತಲೇ ಅರ್ಥ. ಮೂರ್ನಾಲ್ಕು ವರ್ಷ ಹಳೆಯ ಕೆಲಸ ತೋರಿಸಿ ಅಂತ ಕೇಳಿ. ಬಿರುಕು, ಕುಗ್ಗುವುದು ಎಲ್ಲ ಆಮೇಲೆಯೇ ಕಾಣುವುದು. ಚರ್ಮ ಪೂರ್ತಿ ಹದ ಮಾಡ್ತೀರಾ ಅಥವಾ ಪುಡಿ ಸವರಿ ಒಣಗಿಸಿ ಏರಿಸ್ತೀರಾ ಅಂತ ಕೇಳಲೇಬೇಕು. ರೇಟಿನ ವ್ಯತ್ಯಾಸ ಎಷ್ಟೋ ಸಲ ಅಲ್ಲಿಯೇ ಅಡಗಿರ್ತದೆ.

ಇದೆಲ್ಲ ಜುಲೈಗೆ ಮೊದಲು ಮಾಡಿ. ಒಪ್ಪಿಕೊಂಡವರ ಹತ್ತಿರವೇ ಕೊಯ್ಯುವ ರೀತಿ ಬರೆಸಿಕೊಂಡು ಹೋಗಿ.

ಬ್ರಹ್ಮಾವರದವ:
ತುಂಬಾ ಉಪಕಾರ ಆಯ್ತು ಅಣ್ಣಾ. ಬೆನ್ನಿನ ಮೇಲಿನ ಆ ಬಿಳಿ ರೋಮದ ಬೀಸಣಿಗೆಯೂ ಮೌಂಟಿನಲ್ಲಿ ಬರಬೇಕು ಅಂದರೆ?

ಕಿನ್ನಿಗೋಳಿ:
ಹಾಗಾದರೆ ಮೊದಲೇ ನಿರ್ಧಾರ ಮಾಡಿ. ಭುಜದವರೆಗಿನ ಮೌಂಟಿನಲ್ಲಿ ಅದು ಬರುವುದೇ ಇಲ್ಲ, ಬೆನ್ನಿನ ಹಿಂಭಾಗದಲ್ಲಿ ಇರುವುದು. ಪೂರ್ಣ ದೇಹದ ಮೌಂಟ್ ಆದರೆ ಹೊಟ್ಟೆಯ ಕಡೆಯಿಂದ ಬಿಡಿಸಬೇಕು, ಬೆನ್ನಿಗೆ ಚೂರಿ ತಾಗಬಾರದು. ಪ್ರಾಣಿ ಸತ್ತ ಮೇಲೆ ಆ ಬೀಸಣಿಗೆ ತಾನಾಗಿ ಬಿಚ್ಚಿಕೊಳ್ತದೆ, ಜೇನಿನ ಹಾಗಿನ ಸಿಹಿ ಪರಿಮಳ ಬರ್ತದೆ. ಹತ್ತಿರ ಹೋಗಿ ನೋಡಿ. ಖರ್ಚು ಮಾತ್ರ ಬಹಳ ಏರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ತಲೆ ಮೌಂಟ್ ಮಾಡಿಸಿ, ಬೆನ್ನಿನ ಚರ್ಮ ಬೇರೆಯಾಗಿ ಹದ ಮಾಡಿಸಿ. ಎರಡೂ ಜೊಹಾನ್ಸ್‌ಬರ್ಗಿನ ಮನೆಯಲ್ಲಿಯೇ ಇರಲಿ. ವರ್ಷಕ್ಕೆ 4000 ಮಿಲಿಮೀಟರ್ ಮಳೆ ಬೀಳುವ ನಮ್ಮ ಉಡುಪಿ ಕಡೆಗೆ ಅನುಮತಿ ಸಿಕ್ಕಿದರೂ ತರುವುದು ಬೇಡ, ಮೊದಲ ಮಳೆಗಾಲದಲ್ಲಿಯೇ ಬೂಸ್ಟು ಹಿಡಿಯುತ್ತದೆ.

ಮಣಿಪಾಲದಾಕೆ:
ನಡುವೆ ಕೇಳ್ತಿದ್ದೇನೆ, ಕ್ಷಮಿಸಿ. ನಮ್ಮ ಅಜ್ಜನ ಕಾಲದ ಒಂದು ಕೃಷ್ಣಮೃಗದ ತಲೆ ಮನೆಯಲ್ಲಿ ಉಂಟು, ಹಿಂದುಗಡೆ ಮೈಸೂರಿನ ಟ್ಯಾಕ್ಸಿಡರ್ಮಿ ಅಂಗಡಿ ವ್ಯಾನ್ ಇಂಗೆನ್ ಅವರ ಚೀಟಿ. ಕೂದಲು ಉದುರ್ತಾ ಉಂಟು. ರಿಪೇರಿ ಯಾರು ಮಾಡ್ತಾರೆ?

ಕದ್ರಿ ಗುಡ್ಡೆ:
ಮೇಡಂ, ರಿಪೇರಿಗಿಂತ ಮೊದಲು ಕಾಗದ. ಮಾಲೀಕತ್ವದ ಸರ್ಟಿಫಿಕೇಟ್ ಅಜ್ಜನ ಹೆಸರಿನಲ್ಲಿ ಉಂಟಾ ಹುಡುಕಿ. ವಾರಸಿನಿಂದ ಬಂದದ್ದನ್ನು 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ಅವಧಿ ದಾಟಿದ್ದರೆ ವಕೀಲರನ್ನು ಕಂಡು ಅರಣ್ಯ ಇಲಾಖೆಗೆ ನೀವೇ ಹೋಗಿ. ಮಾರುವ ಮಾತು ಎತ್ತಬೇಡಿ. 2022ರ ತಿದ್ದುಪಡಿಯ ನಂತರ ಇಷ್ಟಪಟ್ಟರೆ ಇಲಾಖೆಗೆ ಒಪ್ಪಿಸುವ ದಾರಿಯೂ ಉಂಟು.

ಕಿನ್ನಿಗೋಳಿ:
ಅಮ್ಮಾ, ವ್ಯಾನ್ ಇಂಗೆನ್ ಅವರ ಅಂಗಡಿ 1999ರಲ್ಲಿಯೇ ಮುಚ್ಚಿತು. ಹಳೆಯ ಕೆಲಸಗಳಲ್ಲಿ ಹುಳ ಬಾರದ ಹಾಗೆ ಆರ್ಸೆನಿಕ್ ಹಾಕುವುದು ಆಗಿನ ಪದ್ಧತಿ. ಉದುರಿದ ಕೂದಲು, ಧೂಳು ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಮತ್ತು ಮಾಸ್ಕ್ ಹಾಕಿ. ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಇದ್ದರೆ ಇವತ್ತೇ ಮೇಲಕ್ಕೆ ಏರಿಸಿ. ವಾರ್ನಿಷ್, ಎಣ್ಣೆ ಏನೂ ಹಚ್ಚಬೇಡಿ. ಮಳೆಗೆ ತೇವ ಹಿಡಿಯುವ ಹೊರಗೋಡೆಯಿಂದ ತೆಗೆದು ಒಳಗಿನ ಗೋಡೆಗೆ ಹಾಕಿ, ಹಿಂದೆ ಸಣ್ಣ ಮರದ ತುಂಡು ಕೊಟ್ಟು ಗಾಳಿ ಆಡಲಿಕ್ಕೆ ಜಾಗ ಬಿಡಿ.