ಟ್ರೇಲರ್ ಎಳೆಯುವ ಪಿಕಪ್: ಸೀಲ್ ಬದಲಾಯಿಸಿದರೂ ನಿಲ್ಲದ ಗೇರ್‌ಬಾಕ್ಸ್ ಸೋರಿಕೆ

ಪ್ರಶ್ನೆ (ತೀರ್ಥಹಳ್ಳಿಯಿಂದ):
ನಮ್ಮದು ಮ್ಯಾನುಯಲ್ ಗೇರಿನ ಡೀಸೆಲ್ ಪಿಕಪ್. ಗೊಬ್ಬರ, ಅಡಿಕೆಗೊನೆ ತುಂಬಿದ ಸಣ್ಣ ಟ್ರೇಲರ್ ಕಟ್ಟಿ ಓಡಿಸುತ್ತೇವೆ. ಮಳೆ ಹಿಡಿದಂದಿನಿಂದ ಗೇರ್‌ಬಾಕ್ಸ್‌ನ ಹಿಂಬದಿಯಲ್ಲಿ ಆಯಿಲ್ ಸೋರುತ್ತಿದೆ. ಹಿಂದಿನ ಆಯಿಲ್ ಸೀಲ್ ಹೊಸದು ಹಾಕಿಸಿದರೂ ಭಾರ ಎಳೆದು ಏರು ಹತ್ತಿದ ದಿನ ಮತ್ತೆ ತೊಟ್ಟಿಕ್ಕುತ್ತದೆ. ಇನ್ನೂ ದಪ್ಪ ಆಯಿಲ್ ತುಂಬಿಸಿ, ಹೆವಿ ಡ್ಯೂಟಿ ಕ್ಲಚ್ ಕೂರಿಸಿದರೆ ಸರಿಹೋದೀತೇ?

ಉತ್ತರ (ಸಾಗರದಿಂದ):
ಆ ಎರಡಕ್ಕೂ ಈಗಲೇ ಹಣ ಹಾಕಬೇಡಿ. ಭಾರ ಎಳೆದ ದಿನ ಮಾತ್ರ ಸೋರುತ್ತದೆ ಎಂದು ನೀವೇ ಬರೆದಿರುವುದರಿಂದ, ನನ್ನ ಮೊದಲ ಅನುಮಾನ ಬ್ರೀದರ್, ಅಂದರೆ ಗೇರ್‌ಬಾಕ್ಸ್‌ನ ಗಾಳಿಕಿಂಡಿಯ ಮೇಲೆ. ಗೇರ್‌ಬಾಕ್ಸ್ ಬಿಸಿಯೇರಿದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗುವ ಈ ಸಣ್ಣ ದಾರಿಯನ್ನು ಕೆಸರು ಮುಚ್ಚಿದ್ದರೆ, ಎಷ್ಟೇ ಹೊಸ ಸೀಲ್ ಇದ್ದರೂ ಒತ್ತಡವು ಅದರ ಅಂಚಿನಿಂದಲೇ ಆಯಿಲನ್ನು ಹೊರದೂಡುತ್ತದೆ. ಮಲೆನಾಡಿನ ತೋಟದ ದಾರಿಗಳಲ್ಲಿ ಓಡುವ ಗಾಡಿಗೆ ಇದು ತೀರಾ ಸಹಜವಾದ ತೊಂದರೆ, ಆದರೂ ಗ್ಯಾರೇಜುಗಳಲ್ಲಿ ಎಲ್ಲಕ್ಕಿಂತ ಕೊನೆಗೆ ನೋಡುವುದು ಇದನ್ನೇ.

ಬ್ರೀದರ್ ಸರಿಯಿದ್ದರೆ ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಿ, ಅದನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಯೋಕ್‌ನಲ್ಲಿ ಸೀಲ್ ಕೂರುವ ನಯವಾದ ಭಾಗದ ಮೇಲೆ ಉಗುರು ಆಡಿಸಿ ನೋಡಿ. ಉಗುರಿಗೆ ಗೆರೆ ಸಿಕ್ಕಿದರೆ ಯೋಕ್ ಸವೆದಿದೆ ಎಂದರ್ಥ. ಅದನ್ನು ಸರಿಪಡಿಸದೆ ಸೀಲ್ ಎಷ್ಟು ಸಲ ಹಾಕಿದರೂ ವ್ಯರ್ಥ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಆಯಿಲ್ ಮಟ್ಟವನ್ನೂ ನೋಡಿ. ಸಾಮಾನ್ಯವಾಗಿ ಅದು ಫಿಲ್ಲರ್ ಪ್ಲಗ್ ರಂಧ್ರದ ಕೆಳಅಂಚಿಗೆ ಸರಿಯಾಗಿರಬೇಕು.

ದಪ್ಪ ಆಯಿಲ್ ಸೋರಿಕೆಗೆ ಮದ್ದಲ್ಲ. ಕೈಪಿಡಿಯಲ್ಲಿ 75ಡಬ್ಲ್ಯು-90 (ಆಯಿಲಿನ ದಪ್ಪದ ಗುರುತು), ಜಿಎಲ್-4 (ಗೇರ್ ಆಯಿಲಿನ ದರ್ಜೆ) ಎಂದಿದ್ದರೆ ಅದನ್ನೇ ಹಾಕಿ. ಹಿಂದಿನ ಆಕ್ಸಲ್‌ನ ಗೇರುಗಳಾದ ಡಿಫರೆನ್ಷಿಯಲ್‌ಗೆ ತಂದ ಜಿಎಲ್-5 ಆಯಿಲನ್ನು ಗೇರ್‌ಬಾಕ್ಸ್‌ಗೂ ಸುರಿದರೆ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳು ಹಾಳಾಗುವ ಸಂಭವವಿದೆ.

ಪ್ರಶ್ನಿಸಿದವರು:
ತಾವು ಹೇಳಿದಂತೆಯೇ ಆಯಿತು. ಬ್ರೀದರ್ ಮುಚ್ಚಳದೊಳಗೆ ಕೆಂಪು ಮಣ್ಣು ಒಣಗಿ ಗಟ್ಟಿಯಾಗಿತ್ತು. ಯೋಕ್ ನುಣುಪಾಗಿಯೇ ಇದೆ. ಆದರೆ ಇಳಿಸಿದ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದೆ.

ಉತ್ತರ (ಸಾಗರದಿಂದ):
ಹಾಗಿದ್ದರೆ ನೀರು ಸೇರಿದೆ. ಬಿಸಿಯಾದ ಗೇರ್‌ಬಾಕ್ಸ್ ಹಳ್ಳದ ನೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಸೀಲ್ ಅಥವಾ ಬ್ರೀದರ್ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಹೊಸ ಆಯಿಲ್ ಹಾಕಿ ಸ್ವಲ್ಪ ದೂರ ಖಾಲಿ ಗಾಡಿ ಓಡಿಸಿ ಇಳಿಸಿ. ಬಿಳುಪು ಪೂರ್ತಿ ಹೋಗುವವರೆಗೆ ಹೀಗೆಯೇ ಮಾಡಿ. ಡ್ರೈನ್ ಪ್ಲಗ್‌ಗೆ ಉಕ್ಕಿನ ಚೂರುಗಳು ಅಂಟಿದ್ದರೆ ಅಥವಾ ಓಡುವಾಗ ಗೊರಗೊರ ಸದ್ದಿದ್ದರೆ, ಬೇರಿಂಗ್ ಪರೀಕ್ಷಿಸದೆ ಟ್ರೇಲರ್ ಕಟ್ಟಬೇಡಿ.

ನಿಮ್ಮ ಗಾಡಿಗೆ ನಿಜವಾಗಿ ಬೇಕಾದ ಅಪ್‌ಗ್ರೇಡ್ ಎಂದರೆ ಬ್ರೀದರ್‌ಗೆ ಆಯಿಲ್ ತಾಗಿದರೂ ಹಾಳಾಗದ ರಬ್ಬರ್ ಹೋಸ್ ಜೋಡಿಸಿ, ಸೈಲೆನ್ಸರ್‌ಗೆ ತಾಗದಂತೆ ಮೇಲಕ್ಕೆ ಒಯ್ದು, ಬಾನೆಟ್ ಕೆಳಗೆ ಎತ್ತರದಲ್ಲಿ ಬಾಯಿ ಕೆಳಮುಖವಾಗಿರುವಂತೆ ಕಟ್ಟುವುದು. ಕ್ಲಚ್ ಜಾರುತ್ತಿಲ್ಲವಾದರೆ ಅದನ್ನು ಮುಟ್ಟಬೇಡಿ. ಆ ಹಣದಲ್ಲಿ ಟ್ರೇಲರ್‌ಗೆ ಬ್ರೇಕ್ ಹಾಕಿಸಿ. ಹುಲಿಕಲ್ ಘಾಟಿಯಂಥ ಇಳಿಜಾರಿನಲ್ಲಿ ಅದರ ಅಗತ್ಯವೇ ಹೆಚ್ಚು.