ಸಕ್ಕರೆ ಕಾಯಿಲೆಯವರಿಗೆ ಪೊರೆ ತೆಗೆದ ಮೇಲೆ ನೆಪಾಫೆನಾಕ್ ಹನಿ ಎರಡು ತಿಂಗಳು ಏಕೆ?

ಪ್ರಶ್ನೆ

ನನ್ನ ತಾಯಿಗೆ 66 ವರ್ಷ. ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷಗಳಾದವು. ಮೂರು ವಾರಗಳ ಹಿಂದೆ ಬಲಗಣ್ಣಿನ ಪೊರೆ ತೆಗೆದು ಲೆನ್ಸ್ ಅಳವಡಿಸಿದ್ದಾರೆ. ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಹನಿಯನ್ನು ವಾರವಾರಕ್ಕೂ ಕಡಿಮೆ ಮಾಡುತ್ತ ನಿಲ್ಲಿಸಬೇಕು, ಆದರೆ ನೆಪಾಫೆನಾಕ್ ಎಂಬ, ಉರಿಯೂತ ತಗ್ಗಿಸುವ ಹನಿಯನ್ನು ದಿನಕ್ಕೆ ಮೂರು ಸಲದಂತೆ ಎರಡು ತಿಂಗಳು ಹಾಕಬೇಕು ಎಂದು ಚೀಟಿಯಲ್ಲಿದೆ. ಪಕ್ಕದ ಮನೆಯವರಿಗೆ ಒಂದೇ ತಿಂಗಳಿಗೆ ಎಲ್ಲ ಹನಿಗಳೂ ಮುಗಿದಿದ್ದವು. ಅಮ್ಮನ ಕಣ್ಣಿನಲ್ಲಿ ಕೆಂಪಿಲ್ಲ, ನೋವಿಲ್ಲ, ಪಂಚಾಂಗದ ಸಣ್ಣ ಅಕ್ಷರಗಳನ್ನೂ ಓದುತ್ತಿದ್ದಾರೆ. ಹನಿ ಹಾಕಿದಾಗ ಸ್ವಲ್ಪ ಉರಿಯುತ್ತದೆ ಎನ್ನುತ್ತಾರೆ. ನಿಲ್ಲಿಸಬಹುದೇ?

ಉತ್ತರ 1 (ನೇತ್ರವೈದ್ಯೆ)

ನೀವಾಗಿಯೇ ನಿಲ್ಲಿಸಬೇಡಿ. ಈ ಹನಿ ಕಾಯುತ್ತಿರುವುದು ಹೊರಗೆ ಕಾಣುವ ಕೆಂಪನ್ನಲ್ಲ, ಕಣ್ಣಿನ ಹಿಂಭಾಗದಲ್ಲಿ, ಅಕ್ಷಿಪಟಲದ ನಡುವೆ ಇರುವ ಮ್ಯಾಕ್ಯುಲಾವನ್ನು. ಓದುವುದಕ್ಕೂ ಮುಖ ಗುರುತಿಸುವುದಕ್ಕೂ ಬೇಕಾದ ಸೂಕ್ಷ್ಮ ದೃಷ್ಟಿ ಇರುವುದು ಅಲ್ಲಿಯೇ. ಶಸ್ತ್ರಚಿಕಿತ್ಸೆಯ ಪೆಟ್ಟಿನಿಂದ ಕಣ್ಣಿನೊಳಗೆ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹೆಚ್ಚುತ್ತವೆ. ಅವು ರಕ್ತನಾಳಗಳ ಗೋಡೆಯನ್ನು ಸಡಿಲಿಸಿದಾಗ ದ್ರವ ಸೋರಿ ಮ್ಯಾಕ್ಯುಲಾ ಊದಿಕೊಳ್ಳುತ್ತದೆ. ನೆಪಾಫೆನಾಕ್ ಈ ರಾಸಾಯನಿಕಗಳ ಉತ್ಪತ್ತಿಯನ್ನು ತಗ್ಗಿಸುತ್ತದೆ. ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ಆ ಗೋಡೆಗಳು ಮೊದಲೇ ದುರ್ಬಲವಾಗಿರಬಹುದು. ಈ ಊತ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ನಾಲ್ಕರಿಂದ ಆರನೆಯ ವಾರದ ಸುಮಾರಿಗೆ, ಅಂದರೆ ಎಲ್ಲವೂ ವಾಸಿಯಾಯಿತೆಂದು ಮನೆಯವರು ನಿಶ್ಚಿಂತರಾಗುವ ಹೊತ್ತಿಗೆ.

ಬ್ರಿಟನ್ನಿನಲ್ಲಿ 80 ಸಾವಿರಕ್ಕೂ ಹೆಚ್ಚು ಕಣ್ಣುಗಳ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಊತ ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಶೇ. 1.17, ಇದ್ದವರಲ್ಲಿ ಶೇ. 4.04ರಷ್ಟು ಕಂಡುಬಂದಿತ್ತು, ರೆಟಿನೋಪತಿ (ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕಾದ ಹಾನಿ) ಇದ್ದವರಲ್ಲಿ ಅಪಾಯ ಇನ್ನೂ ಹೆಚ್ಚು. ಯುರೋಪಿನಲ್ಲಿ ಸಕ್ಕರೆ ಕಾಯಿಲೆಯವರಿಗೆ ಈ ಹನಿಯನ್ನು 60 ದಿನಗಳವರೆಗೆ ಬಳಸಲು ಅನುಮತಿ ಇರುವುದು ಇದೇ ಕಾರಣಕ್ಕೆ. ಪಕ್ಕದ ಮನೆಯವರ ಚೀಟಿಯನ್ನು ಅಮ್ಮನ ಕಣ್ಣಿಗೆ ಅಳತೆಯಾಗಿ ಹಿಡಿಯುವುದು ಸರಿಯಲ್ಲ.

ಉತ್ತರ 2

ನಮ್ಮ ತಂದೆಯವರು ಮೂರನೆಯ ವಾರದಲ್ಲಿ ಹನಿ ನಿಲ್ಲಿಸಿದರು. ಐದನೆಯ ವಾರದಲ್ಲಿ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತಿದೆ ಎಂದರು. ಅಕ್ಷಿಪಟಲದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ ಊತ ತಿಳಿಯಿತು. ನಿಲ್ಲಿಸಿದ್ದರಿಂದಲೇ ಹಾಗಾಯಿತೆಂದು ನಾನು ಖಚಿತವಾಗಿ ಹೇಳಲಾರೆ. ಆದರೆ ಮತ್ತೆ ಹನಿ ಹಾಕಿ, ತಿಂಗಳುಗಟ್ಟಲೆ ಓಡಾಡಿ ದೃಷ್ಟಿ ಮರಳುವವರೆಗೆ ನಾವು ಪಟ್ಟ ಆತಂಕ ನಿಮಗೆ ಬರಬಾರದು. ಆ ಕಣ್ಣೊಂದರಿಂದಲೇ ನೇರ ಗೆರೆಗಳನ್ನು ನೋಡುವಂತೆ ತಾಯಿಯವರಿಗೆ ಆಗಾಗ ಹೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಉರಿಯನ್ನು ಸಹಿಸಿಕೊಳ್ಳುವುದೇ?

ಉತ್ತರ 1 (ನೇತ್ರವೈದ್ಯೆ)

ಹಾಕಿದ ಕ್ಷಣದ ಸಣ್ಣ ಉರಿ ಸಾಮಾನ್ಯ. ಆದರೆ ಉರಿ ಹೆಚ್ಚುತ್ತ ಹೋದರೆ, ನೋವು ಬಂದರೆ, ಬೆಳಕು ಚುಚ್ಚಿದರೆ ಅಥವಾ ದೃಷ್ಟಿ ಮಬ್ಬಾದರೆ ಅಂದೇ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರ ಕಾರ್ನಿಯಾದಲ್ಲಿ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಸ್ಪರ್ಶಜ್ಞಾನ ಕುಗ್ಗಿರಬಹುದು, ಗಾಯ ಮಾಯುವುದೂ ನಿಧಾನ; ಅಂಥವರಲ್ಲಿ ಈ ಹನಿಗಳಿಂದ ಅಪರೂಪಕ್ಕೆ ಕಾರ್ನಿಯಾ ತೆಳುವಾಗುವುದುಂಟು. ಆದ್ದರಿಂದಲೇ ಹೇಳಿದ ಅವಧಿಗಿಂತ ಹೆಚ್ಚು ದಿನ ಹಾಕುವುದೂ ತಪ್ಪು. ಸೀಸೆಯನ್ನು ಚೆನ್ನಾಗಿ ಕುಲುಕಿ, ಎರಡು ಬೇರೆ ಬೇರೆ ಔಷಧಿಯ ಹನಿಗಳ ನಡುವೆ ಐದು ನಿಮಿಷ ಬಿಡಿ. ಮುಂದಿನ ಭೇಟಿಯಲ್ಲಿ, ಸ್ಟೆರಾಯ್ಡ್ ಹನಿಯಿಂದ ಕಣ್ಣಿನ ಒತ್ತಡ ಏರಿದೆಯೇ ಎಂದು ಅಳೆಯಲು ಮರೆಯದೆ ಕೇಳಿ.