ಅಪ್‌ಡೇಟ್: ಗೋಲ್‌ಕೀಪರ್‌ನಿಂದಲೇ ದಾಳಿ ಕಟ್ಟುವ ಅಭ್ಯಾಸ

ಗೋಲ್‌ಕೀಪರ್‌ನಿಂದ ಚಿಕ್ಕ ಪಾಸ್‌ಗಳಲ್ಲಿ ಆಟ ಕಟ್ಟುವಾಗ ಎದುರಾಳಿಗಳು ಚೆಂಡಿಗಾಗಿ ಮೇಲೆ ಬಿದ್ದೊಡನೆ ನನ್ನ 14 ವರ್ಷದೊಳಗಿನ ಫುಟ್‌ಬಾಲ್ ಆಟಗಾರರು ಗಾಬರಿಯಿಂದ ಚೆಂಡನ್ನು ದೂರಕ್ಕೆ ಒದೆಯುತ್ತಾರೆ, ಇದನ್ನು ಹೇಗೆ ತಿದ್ದಲಿ ಎಂದು ಕೇಳಿದ್ದೆ. ಆರು ವಾರಗಳ ನಂತರ ಬರೆಯುತ್ತಿದ್ದೇನೆ.

ತಪ್ಪು ಬಹುಪಾಲು ನನ್ನದೇ ಆಗಿತ್ತು. ನಾನು ಪಾಸ್ ತಿದ್ದುತ್ತಿದ್ದೆ. ತೊಂದರೆಯಿದ್ದುದು ಪಾಸ್‌ಗೂ ಮೊದಲು, ಚೆಂಡು ಪಡೆಯುವವನು ನಿಲ್ಲುವ ಭಂಗಿಯಲ್ಲಿ. ತನ್ನದೇ ಗೋಲಿನತ್ತ ಮುಖ ಮಾಡಿ ನಿಂತ ಹುಡುಗನಿಗೆ ಹಿಂದಕ್ಕೆ ಕೊಡುವುದನ್ನು ಬಿಟ್ಟರೆ ಬೇರೆ ದಾರಿ ಕಾಣುವುದಿಲ್ಲ. ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿ, ಮೈಯನ್ನು ಅರ್ಧ ತಿರುಗಿಸಿ, ಚೆಂಡಿನಿಂದ ದೂರವಿರುವ ಕಾಲಿನಿಂದ ಅದನ್ನು ತಡೆದುಕೊಳ್ಳುವುದನ್ನು ಕಲಿಸಿದ ಮೇಲೆ ಅರ್ಧ ಗಾಬರಿ ತಾನಾಗಿಯೇ ಇಳಿಯಿತು.

2019ರ ನಿಯಮ ಬದಲಾವಣೆಯಿಂದ ಗೋಲ್ ಕಿಕ್ಕನ್ನು (ಎದುರಾಳಿಯಿಂದ ಗೋಲ್ ರೇಖೆ ದಾಟಿ ಹೊರಹೋದ ಚೆಂಡನ್ನು ಮತ್ತೆ ಆಟಕ್ಕೆ ತರುವ ಒದೆತ) ಒದೆಯುವವನ ತಂಡದವರು ಗೋಲಿನ ಮುಂದಿನ ಪೆನಾಲ್ಟಿ ಪ್ರದೇಶದ ಒಳಗೇ ಪಡೆಯಬಹುದು, ಎದುರಾಳಿಗಳು ಮಾತ್ರ ಚೆಂಡು ಚಲಿಸುವವರೆಗೆ ಹೊರಗಿರಬೇಕು. ಹಾಗಾಗಿ ಇಬ್ಬರು ಸೆಂಟರ್ ಬ್ಯಾಕ್‌ಗಳನ್ನು (ನಡುವಿನ ರಕ್ಷಣಾ ಆಟಗಾರರು) ಕೀಪರ್‌ನ ಎರಡೂ ಬದಿಗೆ ಅಗಲವಾಗಿ ನಿಲ್ಲಿಸಿದೆವು. ಇಬ್ಬರು ಫಾರ್ವರ್ಡ್‌ಗಳು ನುಗ್ಗಿ ಬಂದರೂ ನಾವು ಮೂವರಿರುತ್ತೇವೆ. ಮಿಡ್‌ಫೀಲ್ಡರ್‌ನ ಬೆನ್ನಿಗೆ ಎದುರಾಳಿ ಅಂಟಿಕೊಂಡಿದ್ದರೆ, ಅವನು ತಿರುಗಲು ಯತ್ನಿಸದೆ ಒಂದೇ ಸ್ಪರ್ಶದಲ್ಲಿ ಚೆಂಡನ್ನು ಫುಲ್ ಬ್ಯಾಕ್‌ಗೆ (ಅಂಚಿನ ರಕ್ಷಣಾ ಆಟಗಾರ) ತಳ್ಳುತ್ತಾನೆ.

ಈ ಪ್ರಯೋಗದಲ್ಲಿ ಎರಡು ಗೋಲುಗಳನ್ನು ನಾವೇ ಕೈಯಾರೆ ಕೊಟ್ಟೆವು. (ಅಂಚಿನಲ್ಲಿ ನಿಂತ ಪೋಷಕರ ಕೂಗು ಬೇರೆ.) ಆದರೂ ಉದ್ದ ಒದೆತವನ್ನು ನಿಷೇಧಿಸಿಲ್ಲ: ಎದುರಾಳಿಗಳು ಆರು ಮಂದಿಯನ್ನು ಮುಂದೆ ತಂದರೆ ಅವರ ಹಿಂದೆ ಜಾಗ ತೆರೆದಿರುತ್ತದೆ, ಆಗ ಅಲ್ಲಿಗೇ ಕಳಿಸಬೇಕು. ಕೀಪರ್‌ನ ಎಡಗಾಲು ಇನ್ನೂ ದುರ್ಬಲವಾಗಿದೆ. ಮುಂದಿನ ವಾರಗಳ ಕೆಲಸ ಅದೇ.